ಪುಟದ ಕೆಳಗಿನ ಪದ

ಇಮೇಲ್ ಕಳಿಸಿ ಆದ ಮೇಲೆ ಶಾಮಸುಂದರ ತಾನು ಬರೆದ ಉತ್ತರವನ್ನು ಮತ್ತೆ ತೆರೆದು ಓದಿದ. ‘ನಿಮ್ಮ ಊಹೆ ಸರಿ. ನನ್ನ ಬಳಿ ಇದ್ದ ಪ್ರತಿಯಲ್ಲಿ ಆ ಪದ ಇರಲಿಲ್ಲ.’ ಇಂಗ್ಲಿಷಿನಲ್ಲಿ ಬರೆದ ಆ ಎರಡು ವಾಕ್ಯಗಳ ಮೇಲೆ ಚಿರಂತನನ ಸಂಶೋಧನೆಯ ಬಗ್ಗೆ ನಾಲ್ಕು ಒಳ್ಳೆಯ ಮಾತು, ಕೆಳಗೆ ಅಬುಧಾಬಿಯ ಕಡೆ ಬಂದಾಗ ಖಂಡಿತ ಭೇಟಿಯಾಗೋಣ ಎಂಬ ಆಶ್ವಾಸನೆ, ಕೊನೆಯಲ್ಲಿ ಡಾಕ್ಟರ್ ಸಮೇತ ತನ್ನ ಹೆಸರು. ಯಾರ ಮುಂದೆ ಇಟ್ಟರೂ ಇದು ಸುಳ್ಳು ಎಂದು ಬೆರಳಿಟ್ಟು ತೋರಿಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಪ್ರತಿಯಲ್ಲಿ ಆ ಪದ ಇರಲಿಲ್ಲ, ನಿಜವಾಗಿಯೂ ಇರಲಿಲ್ಲ. ಏಕೆ ಇರಲಿಲ್ಲ ಎಂದು ಚಿರಂತನ ಕೇಳಿರಲಿಲ್ಲ. ಕೇಳುವ ಬದಲು ಕಾರಣವನ್ನೂ ತಾನೇ ಒದಗಿಸಿದ್ದ: ಆ ಕಾಲದ ಫೋಟೊಕಾಪಿಗಳಲ್ಲಿ ಪುಟದ ಅಂಚು ಬಿದ್ದುಹೋಗುವುದು ಮಾಮೂಲು ಸರ್, ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ, ನನ್ನ ಲೇಖನದ ಅಡಿಟಿಪ್ಪಣಿಯಲ್ಲಿ ಹಾಗೆಂದೇ ಬರೆಯುತ್ತೇನೆ. ಶುಕ್ರವಾರದ ಬೆಳಗ್ಗೆ ಹತ್ತು ಗಂಟೆ. ದುಬೈಯ ಅಲ್ ನಹ್ದಾದ ಏಳನೆಯ ಮಹಡಿಯ ಕಿಟಕಿಯಿಂದ ಕಾಣುವ ಶಾರ್ಜಾ ಕಡೆಯ ರಸ್ತೆ ರಜೆಯ ದಿನವಾದ್ದರಿಂದ ಬಿಕೋ ಎನ್ನುತ್ತಿತ್ತು. ಅಡುಗೆಮನೆಯಿಂದ ಹೆಂಡತಿ ಮಧ್ಯಾಹ್ನಕ್ಕೆ ಸಾರು ಸಾಕೇ, ಹುಳಿ ಮಾಡಲೇ ಎಂದು ಕೇಳಿದಳು. ಯಾವುದಾದರೂ ಆದೀತು ಎಂದ. ಯಾವುದಾದರೊಂದು ಹೇಳಿ ಎಂದು ಅವಳು ಮತ್ತೆ ಕೇಳಿದಾಗ ಅವನಿಗೆ ಇದ್ದಕ್ಕಿದ್ದಂತೆ ಅಳು ಬಂದ ಹಾಗಾಯಿತು. ಎದ್ದುಹೋಗಿ ಮುಖ ತೊಳೆದ.

ಚಿರಂತನನನ್ನು ಅವನು ನೋಡಿದ್ದು ಒಂದೇ ಸಲ. ಮೂವತ್ತೆರಡರ ಹುಡುಗ, ಮೈಸೂರಿನವನೇ, ಹೊರದೇಶದಲ್ಲಿ ಓದಿ ಈಗ ಅಬುಧಾಬಿಯ ಒಂದು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ. ಯಾರದೋ ಮನೆಯ ಗಣೇಶನ ಹಬ್ಬದಲ್ಲಿ ಪರಿಚಯವಾದಾಗ, ನೀವೇ ಏನು ಸರ್ ‘ದಿ ಕ್ವಾಯಟ್ ವಿಡೋ’ ನಾಟಕದ ದಿನಾಂಕ ಹಿಡಿದವರು ಎಂದು ಬಾಗಿ ಕೈ ಮುಗಿದಿದ್ದ. ಇಪ್ಪತ್ತೊಂದು ವರ್ಷದ ಹಿಂದಿನ ತನ್ನ ಒಂದು ಲೇಖನವನ್ನು ಈ ಮರಳುಗಾಡಿನಲ್ಲಿ ಓದಿದವನೊಬ್ಬ ಇದ್ದಾನೆಂದು ಶಾಮಸುಂದರ ಎರಡು ದಿನ ಉಬ್ಬಿ ಹೋಗಿದ್ದ. ದುಬೈಯ ಖಾಸಗಿ ಕಾಲೇಜಿನಲ್ಲಿ ಅವನ ಕೆಲಸ ಆಫೀಸಿನ ಇಂಗ್ಲಿಷ್ ಕಲಿಸುವುದು: ದೂರಿನ ಪತ್ರ ಹೇಗೆ ಬರೆಯಬೇಕು, ರಜೆ ಹೇಗೆ ಕೇಳಬೇಕು. ಅವನಿಗಿಂತ ಹದಿನೈದು ವರ್ಷ ಚಿಕ್ಕವನಾದ ಮುಖ್ಯಸ್ಥ ಕಳೆದ ವಾರ ಎಲ್ಲರೆದುರು, ಡಾಕ್ಟರ್, ನಿಮ್ಮ ಇಮೇಲುಗಳು ಸ್ವಲ್ಪ ಚಿಕ್ಕದಾಗಿರಲಿ, ನಾವು ನಾಟಕ ಬರೆಯುತ್ತಿಲ್ಲ ಎಂದಿದ್ದ. ಎಲ್ಲರೂ ನಕ್ಕಾಗ ಶಾಮಸುಂದರನೂ ನಕ್ಕಿದ್ದ. ನಗುವವರ ಜೊತೆ ತಾನೂ ನಕ್ಕುಬಿಡುವ ಈ ಚಾಳಿ ತನಗೆ ಎಂದಿನಿಂದ ಬಂತು ಎಂದು ಆ ಹೊತ್ತಿಗೆ ಕೇಳಿಕೊಂಡಿರಲಿಲ್ಲ.

ದಿನಾಂಕ ಹಿಡಿಯುವುದು. ಆ ಮಾತು ಮೈಸೂರಿನಲ್ಲಿ ಅವನಿಗೆ ಕಲಿಸಿದ ಪ್ರೊಫೆಸರರದು. ಸಾವಿರದ ಆರುನೂರ ಅರವತ್ತರಲ್ಲಿ ದೊರೆ ಲಂಡನ್ನಿಗೆ ಮರಳಿ, ಮುಚ್ಚಿದ್ದ ನಾಟಕಶಾಲೆಗಳು ಬಾಗಿಲು ತೆರೆದು, ಹೆಂಗಸರು ಮೊದಲ ಸಲ ರಂಗದ ಮೇಲೆ ಬಂದ ಕಾಲದ ನಾಟಕಗಳನ್ನು ಅವರು ಕಲಿಸುತ್ತಿದ್ದರು. ಆ ನಾಟಕಗಳು ಪುಸ್ತಕವಾಗಿ ಉಳಿದಿವೆ, ಆದರೆ ಯಾವ ದಿನ ಆಡಿದರು ಎಂದು ಪುಸ್ತಕದಲ್ಲಿ ಹಾಕುತ್ತಿರಲಿಲ್ಲ. ‘ನಾಟಕಶಾಲೆಯಲ್ಲಿ ಆಡಿದಂತೆ’ ಎಂದು ಮೊದಲ ಪುಟದಲ್ಲಿ ಒಂದು ಸಾಲು, ಅಚ್ಚಾದ ವರ್ಷ, ಅಷ್ಟೆ. ಅಚ್ಚಾಗುವ ಹೊತ್ತಿಗೆ ಆಡಿ ತಿಂಗಳಾಗಿರಬಹುದು, ಎರಡು ವರ್ಷವೂ ಆಗಿರಬಹುದು. ಹಾಗಾಗಿ ಪಾತ್ರಧಾರಿಗಳ ಪಟ್ಟಿ ನೋಡಬೇಕು, ನಾಂದಿಯ ಪದ್ಯದಲ್ಲಿ ಯಾವ ಸುದ್ದಿಗೆ ಚುಚ್ಚಿದ್ದಾರೆ ನೋಡಬೇಕು, ಕಾಗದವನ್ನು ಎಲ್ಲಿ ಮಡಿಸಿ ಎಲ್ಲಿ ಅಂಟಿಸಿದ್ದಾರೆ ನೋಡಬೇಕು. ಇಪ್ಪತ್ತೆಂಟರ ಶಾಮಸುಂದರನಿಗೆ ಅದು ಲೋಕದಲ್ಲೇ ಅತ್ಯಂತ ಶುದ್ಧವಾದ ಕೆಲಸವೆಂದು ಕಂಡಿತ್ತು. ಮುನ್ನೂರು ವರ್ಷದ ಹಿಂದೆ ಮೇಣದಬತ್ತಿಯ ಬೆಳಕಿನಲ್ಲಿ ಜನ ಕೂತು ನಕ್ಕ ಒಂದು ಸಂಜೆಯನ್ನು, ಮೈಸೂರಿನ ಒಂದು ಬಾಡಿಗೆ ಕೋಣೆಯಲ್ಲಿ ಕೂತು ಇಂಥದ್ದೇ ಎಂದು ಹೇಳಬಲ್ಲೆ ಎಂಬ ಹೆಮ್ಮೆ. ‘ಕ್ವಾಯಟ್ ವಿಡೋ’ ಅಚ್ಚಾದದ್ದು 1678ರಲ್ಲಿ. ಅದರ ನಾಂದಿಯಲ್ಲಿ ನಟನೊಬ್ಬ, ದೊರೆ ಪರಿವಾರದ ಸಮೇತ ನ್ಯೂಮಾರ್ಕೆಟ್ಟಿನ ಕುದುರೆ ಓಟಕ್ಕೆ ಹೋಗಿ ನಮ್ಮ ಬೆಂಚುಗಳು ಖಾಲಿಯಾದವು ಎಂದು ಗೊಣಗುತ್ತಾನೆ. ದೊರೆ ಹೋದದ್ದು ಅದರ ಹಿಂದಿನ ವರ್ಷದ ಅಕ್ಟೋಬರಿನಲ್ಲಿ. ಆದ್ದರಿಂದ ನಾಟಕ ಮೊದಲು ಆಡಿದ್ದು 1677ರ ಅಕ್ಟೋಬರ್. ಇದು ಅವನ ಸಿದ್ಧಾಂತ, ಅವನ ಪಿಎಚ್‌ಡಿ, ಲಂಡನ್ನಿನ ಒಂದು ಪತ್ರಿಕೆಯಲ್ಲಿ ಬಂದ ಆರು ಪುಟದ ಲೇಖನ. ಒಂದು ದೊಡ್ಡ ಆಕರ ಗ್ರಂಥದಲ್ಲಿ ಅವನ ಹೆಸರಿನ ಜೊತೆ ಆ ತಿಂಗಳು, ಪಕ್ಕದಲ್ಲಿ ಒಂದು ಪ್ರಶ್ನೆಯ ಗುರುತಿನೊಡನೆ, ಸೇರಿಕೊಂಡಿತು. ಮುಂದಿನ ಮುದ್ರಣದಲ್ಲಿ ಪ್ರಶ್ನೆಯ ಗುರುತು ಬಿದ್ದುಹೋಯಿತು. ಆ ಪುಟದ ಜೆರಾಕ್ಸನ್ನು ಅವನು ತಂದೆಯ ಫೋಟೊದ ಹಿಂದೆ ಇಟ್ಟುಕೊಂಡಿದ್ದ.

ಅದೇ ನಾಟಕದ ಮೇಲೆ, ಅದೇ ಪ್ರೊಫೆಸರರ ಕೆಳಗೆ ಜೋಸ್ಫಿನ್ ಕೂಡ ಕೆಲಸ ಮಾಡುತ್ತಿದ್ದಳು. ಶಿರ್ವದ ಹತ್ತಿರದ ಹಳ್ಳಿಯವಳು, ಮನೆಯಲ್ಲಿ ಕೊಂಕಣಿ, ಬೀಡಿ ಕಂಪನಿಯ ಗುಮಾಸ್ತನ ಮಗಳು. ಸಭೆಯಲ್ಲಿ ಮಾತಾಡುವಾಗ ಮೊದಲ ವಾಕ್ಯಕ್ಕೆ ಗಂಟಲು ಕಟ್ಟುತ್ತಿತ್ತು. ಆಮೇಲೆ ತಡೆಯೇ ಇರುತ್ತಿರಲಿಲ್ಲ. ಪಾತ್ರಧಾರಿಗಳ ಪಟ್ಟಿಯಲ್ಲಿದ್ದ ಮಿಸೆಸ್ ಫಾರ್ಲೊ ಎಂಬ ನಟಿಯ ಹೆಸರು 1676ರ ಬೇಸಿಗೆಯ ನಂತರ ಬೇರೆ ಯಾವ ನಾಟಕದ ಪುಸ್ತಕದಲ್ಲೂ ಕಾಣುವುದಿಲ್ಲ ಎಂದು ಅವಳು ಒಂದೊಂದಾಗಿ ಅರವತ್ತು ಪಟ್ಟಿಗಳನ್ನು ತಡಕಿ ಕಂಡುಕೊಂಡಿದ್ದಳು. ಹಾಗಿದ್ದರೆ ನಾಟಕ ಅದಕ್ಕಿಂತ ಮೊದಲೇ ಆಡಿದ್ದು; ನಾಂದಿ ಆಮೇಲೆ, ನಾಟಕವನ್ನು ಮತ್ತೆ ರಂಗಕ್ಕೆ ತಂದಾಗ ಬರೆಸಿ ಪುಸ್ತಕದಲ್ಲಿ ತುರುಕಿದ್ದು. ಇದು ಅವಳ ವಾದ. ಸಾಬೀತು ಮಾಡುವುದು ಹೇಗೆ? ಆ ಕಾಲದ ಪುಸ್ತಕಗಳಲ್ಲಿ ಪ್ರತಿ ಪುಟದ ಕೆಳಗೆ, ಬಲಮೂಲೆಯಲ್ಲಿ, ಮುಂದಿನ ಪುಟ ಯಾವ ಪದದಿಂದ ಶುರುವಾಗುತ್ತದೋ ಆ ಪದವನ್ನು ಒಂಟಿಯಾಗಿ ಅಚ್ಚು ಹಾಕುತ್ತಿದ್ದರು, ಹಾಳೆ ಜೋಡಿಸುವವನಿಗೆ ಗುರುತಾಗಲೆಂದು. ಪಾತ್ರಧಾರಿಗಳ ಪಟ್ಟಿಯ ಪುಟದ ಕೆಳಗೆ ‘ನಾಂದಿ’ ಎಂದಿದ್ದರೆ ಶಾಮಸುಂದರ ಗೆದ್ದ. ‘ಅಂಕ’ ಎಂದಿದ್ದರೆ, ಪಟ್ಟಿಯ ಬೆನ್ನಿಗೇ ನಾಟಕ ಶುರುವಾಗಬೇಕಿತ್ತು, ನಡುವಿನ ನಾಂದಿ ಹೊರಗಿನಿಂದ ಬಂದದ್ದು, ಜೋಸ್ಫಿನ್ ಗೆದ್ದಳು. ಮೂಲ ಪುಸ್ತಕದ ಮೈಕ್ರೊಫಿಲ್ಮ್ ಹೈದರಾಬಾದಿನ ಒಂದು ಗ್ರಂಥಾಲಯದಲ್ಲಿತ್ತು. ಅವಳ ತಂದೆಗೆ ಆಗ ಲಕ್ವ ಹೊಡೆದಿತ್ತು. ನೀವು ಹೋಗುವವರಲ್ವಾ, ನನಗೂ ಒಂದು ಕಾಪಿ ತನ್ನಿ ಎಂದು ಬಸ್‌ಸ್ಟ್ಯಾಂಡಿಗೆ ಬಂದು ಚಪಾತಿಯ ಪೊಟ್ಟಣ ಕೊಟ್ಟಿದ್ದಳು.

ಕತ್ತಲೆಯ ಆ ಕೋಣೆ, ಯಂತ್ರದ ಮಬ್ಬು ಪರದೆ, ಔಷಧಿಯಂಥ ವಾಸನೆ. ಪಟ್ಟಿಯ ಪುಟ ಪರದೆಗೆ ಬಂದಾಗ ಅವನು ಮೊದಲು ನೋಡಿದ್ದೇ ಬಲಮೂಲೆ. ‘ಆಕ್ಟ್’, ಅಂಕ, ಎಂದು ಇಂಗ್ಲಿಷಿನ ಮೂರೇ ಅಕ್ಷರ, ಸ್ವಲ್ಪ ಓರೆಯಾಗಿ, ಶಾಯಿ ಹೆಚ್ಚಾಗಿ ಸಿ ಅಕ್ಷರದ ಹೊಟ್ಟೆ ತುಂಬಿಕೊಂಡು. ಎಷ್ಟು ಹೊತ್ತು ನೋಡಿದನೋ. ಊರಲ್ಲಿ ಅವನ ಅಧ್ಯಾಯ ಟೈಪಾಗಿತ್ತು. ಇಲಾಖೆಯಲ್ಲಿ ಖಾಲಿಯಾಗಲಿದ್ದ ಜಾಗದ ಬಗ್ಗೆ ಪ್ರೊಫೆಸರರು ಒಂದು ಮಾತು ಬಿಟ್ಟಿದ್ದರು. ಯಂತ್ರದ ಪಕ್ಕಕ್ಕೆ ಒಂದು ಗುಂಡಿ ಇತ್ತು, ತಿರುಗಿಸಿದರೆ ಚಿತ್ರ ಮೇಲೆ ಕೆಳಗೆ ಸರಿಯುತ್ತಿತ್ತು. ತಿರುಗಿಸಿದ. ಪದ ಪರದೆಯ ಅಂಚಿನ ಆಚೆ ಇಳಿದುಹೋಯಿತು. ಆಮೇಲೆ ಅಚ್ಚಿನ ಗುಂಡಿ ಒತ್ತಿದ. ಬಂದ ಹಾಳೆ ಬಿಸಿಯಾಗಿ, ನುಣುಪಾಗಿ, ನಿರಪರಾಧಿಯಾಗಿತ್ತು. ಇಪ್ಪತ್ತೊಂದು ವರ್ಷ ಅವನು ಇದನ್ನು ಒಂದು ಗುಂಡಿಯ ವಿಷಯವೆಂದೇ ನೆನೆದುಕೊಂಡು ಬಂದಿದ್ದ. ಅರ್ಧ ಇಂಚಿನ ವಿಷಯ. ಬೆಳಕು ಸರಿ ಇರಲಿಲ್ಲ, ಕೈ ತಪ್ಪಿತು ಎಂದು ಹೇಳಿಕೊಳ್ಳುವ ದಿನಗಳೂ ಇದ್ದವು.

ಈಗ ಆ ಮೂರು ಅಕ್ಷರ, ಬಣ್ಣದಲ್ಲಿ, ಚಿರಂತನನ ಇಮೇಲಿನ ಜೊತೆ ಬಂದು ಅವನ ಫೋನಿನೊಳಗೆ ಕೂತಿತ್ತು.

ಊಟ ಮಾಡಿ ಹೊರಟ. ಕಾಲೇಜಿನ ಒಬ್ಬರನ್ನು ನೋಡಬೇಕು ಎಂದು ಹೆಂಡತಿಗೆ ಹೇಳಿದ. ಅದೂ ಸುಳ್ಳಲ್ಲ ಎನಿಸಿ ಅಸಹ್ಯವಾಯಿತು. ಶುಕ್ರವಾರ ಮೆಟ್ರೋ ಶುರುವಾಗುವುದೇ ಮಧ್ಯಾಹ್ನದ ಮೇಲೆ, ಹಾಗಾಗಿ ಬೆಳಗಿನಿಂದ ಕಟ್ಟಿಹಾಕಿದ್ದವರಂತೆ ಜನ ನುಗ್ಗಿದರು. ನೂಕಿನಲ್ಲಿ ಎಲ್ಲಿ ನಿಂತೆನೆಂದು ಅವನು ನೋಡಿರಲಿಲ್ಲ. ಫಿಲಿಪಿನೋ ಹೆಂಗಸೊಬ್ಬಳು ಮಾತಾಡದೆ ನೆಲದ ಮೇಲಿನ ಗುಲಾಬಿ ಗೆರೆಯತ್ತ ಬೆರಳು ಮಾಡಿದಳು. ಹೆಂಗಸರ ಡಬ್ಬಿಯ ಒಳಗೆ ಅವನ ಎರಡು ಪಾದ. ಸಾರಿ ಸಾರಿ ಎನ್ನುತ್ತ ಹಿಂದೆ ಸರಿದಾಗ ಯಾರದೋ ಮಗು ತಾಯಿಯನ್ನು, ವೈ ಈಸ್ ಹಿ ಶೇಕಿಂಗ್ ಎಂದು ಕೇಳಿತು. ಕೈಗಳನ್ನು ಜೇಬಿಗೆ ತುರುಕಿಕೊಂಡ. ಸಕ್ಕರೆ ಕಾಯಿಲೆ ಎಂದು ಆ ಮಗುವಿಗೆ ಹೇಳಬೇಕೆನಿಸಿತು. ಸಕ್ಕರೆ ತೋರಿಸಲು ಹೋದಾಗಲೇ ಅಲ್ಲವೆ, ಎಂಟು ತಿಂಗಳ ಹಿಂದೆ, ಕರಾಮದ ಕ್ಲಿನಿಕ್ಕಿನ ಗಾಜಿನ ಆಚೆ ಜೋಸ್ಫಿನ್ ಕೂತಿದ್ದದ್ದು. ಫೈಲು ತೆರೆದು, ತಲೆ ಎತ್ತದೆ, ಹುಟ್ಟಿದ ದಿನ ಕೇಳಿದಳು. ಹೇಳಿದ. ಬರೆದುಕೊಂಡು, ಪೆನ್ನಿನ ಮುಚ್ಚಳ ಹಾಕಿ, ಆಮೇಲೆ ತಲೆ ಎತ್ತಿ ಕನ್ನಡದಲ್ಲಿ, ದಪ್ಪ ಆಗಿದ್ದೀರಿ ಎಂದಳು. ಅಷ್ಟೇ ಸಲೀಸಾಗಿ. ಹಿಂದೆ ಸಾಲು ನಿಂತಿತ್ತು. ಒಂದು ಚೀಟಿಯಲ್ಲಿ ಮನೆಯ ವಿಳಾಸ, ಫೋನ್ ಬರೆದುಕೊಟ್ಟು, ಒಮ್ಮೆ ಬನ್ನಿ, ನನ್ನ ಗಂಡ ಲಿಯೊನೆಲ್‌ಗೆ ಖುಷಿ ಆಗ್ತದೆ ಎಂದಳು. ಅವಳು ತನ್ನನ್ನು ಕ್ಷಮಿಸಿದ್ದಾಳೆ ಎಂದುಕೊಂಡು ಅವನು ಅಂದು ಬಹಳ ಹಗುರಾಗಿ ಮನೆಗೆ ಬಂದಿದ್ದ. ಕ್ಷಮಿಸಲು ಅವಳಿಗೆ ಗೊತ್ತಿರಬೇಕಿತ್ತು ಎಂಬುದು ಕ್ರೀಕ್ ಎಂಬ ಕಡಲಕಾಲುವೆಯ ಅಡಿಯ ಸುರಂಗದಲ್ಲಿ, ಕಿಟಕಿಯ ಕಪ್ಪಿನಲ್ಲಿ ತನ್ನದೇ ಮುಖ ಕಾಣುತ್ತಿದ್ದಾಗ ಹೊಳೆಯಿತು.

ಬರ್ಜುಮಾನ್ ನಿಲ್ದಾಣದಲ್ಲಿ ಇಳಿದು ನಡೆದ. ಕರಾಮದ ಹಳೆಯ ಮೂರು ಮಹಡಿಯ ಕಟ್ಟಡಗಳು, ಹೊರಗೆ ತೂಗುವ ಬಟ್ಟೆ, ಏಸಿಯ ನೀರು ತೊಟ್ಟಿಕ್ಕಿ ಕಪ್ಪಾದ ಕಾಲುದಾರಿ, ಹೋಟೆಲಿನಿಂದ ಹುರಿದ ಮೀನಿನ ವಾಸನೆ. ಜೋಸ್ಫಿನ್ ಬಾಗಿಲು ತೆರೆದು ತುಟಿಯ ಮೇಲೆ ಬೆರಳಿಟ್ಟಳು. ಗಂಡ ಲಿಯೊನೆಲ್ ಅಬುಧಾಬಿ ಕಡೆಯ ಮುಸಫ್ಫಾದ ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್, ವಾರಕ್ಕೊಮ್ಮೆ ಬರುವುದು, ರಾತ್ರಿಪಾಳಿ ಮುಗಿಸಿ ಬೆಳಿಗ್ಗೆ ಬಂದವರು ಒಳಗೆ ಮಲಗಿದ್ದಾರೆ, ಮೆಲ್ಲ ಮಾತಾಡುವ ಎಂದಳು. ಮಗಳು ವೆಲಿಟಾ ಅಲ್ ನಹ್ದಾದ ಗೆಳತಿಯ ಮನೆಗೆ ಹೋಗಿದ್ದಳು. ಒಂದು ಕೋಣೆ, ಅದರೊಳಗೆ ಸೋಫಾ, ಊಟದ ಮೇಜು, ಇಸ್ತ್ರಿಯ ಮೇಜು, ಮಾತೆಯ ಚಿತ್ರದ ಮುಂದೆ ಚಿಕ್ಕ ಕೆಂಪು ದೀಪ. ಪುಸ್ತಕ ಒಂದೂ ಇಲ್ಲವೆಂದು ಅವನ ಕಣ್ಣು ಎಣಿಸಿಬಿಟ್ಟಿತು. ಚಹಾ ತಂದು ಕೊಟ್ಟು ಅವಳು ಎದುರಿಗೆ ಕೂತಳು. ನಲವತ್ತೊಂಬತ್ತು ವರ್ಷ, ಕೂದಲು ಕಿವಿಯ ಹತ್ತಿರ ಬೆಳ್ಳಗಾಗಿತ್ತು. ಹೆಂಡತಿ ಹೇಗಿದ್ದಾರೆ, ಸಕ್ಕರೆ ಇಳಿಯಿತಾ ಎಂದು ವಿಚಾರಿಸಿದಳು.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಪೀಠಿಕೆ ಮರೆತುಹೋಯಿತು. ಗುಂಡಿಯಿಂದಲೇ ಶುರುಮಾಡಿದ. ಮೆಲ್ಲಗೆ ಹೇಳಬೇಕಾದ್ದರಿಂದ ಅದು ಗುಟ್ಟು ಹೇಳಿದಂತೆ, ಯಾರದೋ ಬಗ್ಗೆ ಚಾಡಿ ಹೇಳಿದಂತೆ ಕೇಳಿಸುತ್ತಿತ್ತು. ಹೈದರಾಬಾದಿನಲ್ಲಿ ತಾನು ಪದ ನೋಡಿದ್ದು, ಚಿತ್ರ ಸರಿಸಿದ್ದು, ಆ ಹಾಳೆಯ ಜೆರಾಕ್ಸನ್ನೇ ಅವಳಿಗೂ ತಂದುಕೊಟ್ಟದ್ದು. ಈಗ ಚಿರಂತನ ಎಂಬ ಹುಡುಗ ಮೂಲ ಪುಟವನ್ನು ಕಂಪ್ಯೂಟರಿನಲ್ಲಿ ತೆಗೆದು ನೋಡಿದ್ದು. ಹೇಳಿ ಮುಗಿಸಿ ಕಾದ. ಅವಳು ಎದ್ದು ಹೋಗಿ ಅಡುಗೆಮನೆಯಲ್ಲಿ ಒಲೆ ಆರಿಸಿ ಬಂದಳು.

“ಯಾವ ಮೂಲೆಯಲ್ಲಿತ್ತು?” ಎಂದು ಕೇಳಿದಳು.

ಫೋನ್ ತೆಗೆದು ಚಿತ್ರ ದೊಡ್ಡದು ಮಾಡಿ ಕೊಟ್ಟ. ಅವಳು ಕನ್ನಡಕ ಹುಡುಕಿ ಹಾಕಿಕೊಂಡು ಪುಟದ ಮೇಲಿನಿಂದ ಶುರುಮಾಡಿ, ಪಾತ್ರಗಳ ಹೆಸರು, ನಟರ ಹೆಸರು, ಒಂದೊಂದೇ ಸಾಲು ಬೆರಳಿಂದ ಸರಿಸುತ್ತ ಕೆಳಗಿಳಿದಳು. ಮಿಸೆಸ್ ಫಾರ್ಲೊ ಬಳಿ ಬೆರಳು ನಿಂತಿತು. ಮತ್ತೆ ಇಳಿಯಿತು. “ಆಕ್ಟ್,” ಎಂದು ಓದಿದಳು. ಅವಳ ಮುಖದಲ್ಲಿ ಏನೋ ಬೆಳಗಿತು. “ಹಾಗಾದ್ರೆ ನಾಂದಿಯದ್ದು ಬೇರೆ ಹಾಳೆ. ಅಂಟಿಸಿದ್ದು. ಅದರ ಹಿಂದುಗಡೆ ಖಾಲಿ ಉಂಟಾ?” ಅವನು ಮುಂದಿನ ಚಿತ್ರ ತೋರಿಸಿದ. ಖಾಲಿ ಇತ್ತು. “ಇರ್ಲೇಬೇಕಲ್ಲ,” ಎಂದಳು; ಮಾತಿನ ವೇಗ ಹೆಚ್ಚಿತು. ಹಾಗಿದ್ದರೆ ಮೊದಲ ಆಟ 1676ರ ವಸಂತದ್ದೇ, ಉಪಸಂಹಾರದ ಪದ್ಯದಲ್ಲಿ ಉಪವಾಸದ ದಿನಗಳ ಮಾತು ಬರುತ್ತದಲ್ಲ, ಅದು ಮಾರ್ಚಿಗೆ ಕೂಡಿಬರುತ್ತದೆ, ಫಾರ್ಲೊ ಆಗ ಗರ್ಭಿಣಿ ಇದ್ದಿರಬೇಕು, ಎರಡನೆಯ ಅಂಕದಲ್ಲಿ ಅವಳನ್ನು ಕೂರಿಸಿಯೇ ಇಟ್ಟಿದ್ದಾರೆ ನೋಡಿ ಎಂದಳು. ಇಪ್ಪತ್ತೊಂದು ವರ್ಷ ಯಾರದೋ ಹುಟ್ಟಿದ ದಿನ ಬರೆದುಕೊಂಡು ಕೂತ ಈ ಹೆಂಗಸಿಗೆ ಎರಡನೆಯ ಅಂಕ ಬಾಯಿಗೆ ಬರುತ್ತಿತ್ತು. ಕೂರಿಸಿದ ವಿಷಯ ಶಾಮಸುಂದರನಿಗೆ ಎಂದೂ ಹೊಳೆದಿರಲಿಲ್ಲ. ಅವನು ಮುಂದಕ್ಕೆ ಬಾಗಿ, ಹೌದು ಕಣ್ರೀ, ಕೊನೆಯ ದೃಶ್ಯದಲ್ಲೂ ಅವಳು ಕುರ್ಚಿ ಬಿಟ್ಟು ಏಳೋದಿಲ್ಲ ಎಂದ. ಅರೆಗಳಿಗೆ ಇಬ್ಬರೂ ಒಂದೇ ಹಾಳೆಯ ಮೇಲೆ ತಲೆ ಬಾಗಿಸಿದ ಇಬ್ಬರು ವಿದ್ಯಾರ್ಥಿಗಳಾಗಿದ್ದರು, ಮತ್ತು ಅವನಿಗೆ ಬಹಳ ವರ್ಷಗಳಿಂದ ಆಗದಷ್ಟು ಸಂತೋಷವಾಯಿತು.

ಅವಳು ಸಟ್ಟನೆ ಮಾತು ನಿಲ್ಲಿಸಿದಳು. ಫೋನನ್ನು ಮೇಜಿನ ಮೇಲೆ ಕವುಚಿ ಇಟ್ಟು ಕನ್ನಡಕ ತೆಗೆದಳು.

“ಸೆಮಿನಾರಿನ ದಿನ ನೆನಪುಂಟಾ ನಿಮಗೆ?”

ಉಂಟು ಎಂದ. ನೆನಪಿದ್ದದ್ದು ಅವನಿಗೆ ಬೇಕಾದಷ್ಟು ಮಾತ್ರ. ಉದ್ದನೆಯ ಮೇಜು, ಹದಿನೈದು ಜನ, ಜೋಸ್ಫಿನ್ ಎದ್ದು ನಿಂತು ಗಂಟಲು ಸರಿಮಾಡಿಕೊಂಡದ್ದು. ಈ ಹಾಳೆಯ ಕೆಳಗೆ ಜಾಗ ಕಡಿಮೆ ಕಾಣುತ್ತದೆ, ಉಳಿದೆಲ್ಲ ಪುಟಕ್ಕೆ ಪದ ಇದ್ದು ಇದೊಂದಕ್ಕೆ ಇಲ್ಲ ಎಂದು ಅವಳು ಹೇಳಿದ್ದು. ಕಾಣದ್ದನ್ನು ನಂಬುವುದಕ್ಕೆ ಇದು ಇಗರ್ಜಿಯಲ್ಲಮ್ಮ ಎಂದು ಪ್ರೊಫೆಸರರು ಅಂದದ್ದು. ಎಲ್ಲರೂ ನಕ್ಕದ್ದು. ತಾನೂ.

“ನಗಾಡಿದ್ದು ಬಿಡಿ,” ಎಂದಳು ಜೋಸ್ಫಿನ್. “ಪ್ರೊಫೆಸರ್ ನಿಮ್ಮ ಕಡೆ ತಿರುಗಿ ಕೇಳಿದ್ರು, ನೀನು ಕಣ್ಣಾರೆ ನೋಡಿ ಬಂದವನಲ್ಲವೇನಯ್ಯಾ, ಇತ್ತೇ ಅಂತ. ನೀವು ಇರಲಿಲ್ಲ ಸರ್ ಅಂದ್ರಿ.”

ಅವನಿಗೆ ಆ ಮಾತು ನೆನಪೇ ಇರಲಿಲ್ಲ. ಅವಳು ಹೇಳಿದ ಕ್ಷಣದಲ್ಲಿ ತನ್ನದೇ ದನಿ ಕೇಳಿಸಿತು, ಹರೆಯದ ಸ್ಪಷ್ಟ ದನಿ, ಇರಲಿಲ್ಲ ಸರ್. ಗುಂಡಿಯ ಹಿಂದೆ ಇಷ್ಟು ವರ್ಷ ಅದನ್ನು ಅಡಗಿಸಿಟ್ಟಿದ್ದ. ಚಹಾದ ಬಟ್ಟಲು ಎತ್ತಿಕೊಂಡ. ಚಹಾ ಮುಗಿದಿತ್ತು. ಖಾಲಿ ಬಟ್ಟಲನ್ನೇ ಕುಡಿದಂತೆ ಮಾಡಿ ಇಟ್ಟ.

“ನೀವು ಹಾಗೆ ಹೇಳಿದ ಮೇಲೆ ನನಗೆ ನಿಮ್ಮ ಮೇಲೆ ಸಂಶಯ ಬರ್ಲಿಲ್ಲ. ನನ್ನ ಮೇಲೆಯೇ ಬಂತು. ನನ್ನದು ಹಠ, ಇದಕ್ಕೆಲ್ಲ ಬೇಕಾದ ತಲೆ ನನಗಿಲ್ಲ ಅಂತ ಅಪ್ಪನಿಗೆ ಕಾಗದ ಬರ್ದೆ. ಅವರ ಬಲಗೈ ಬಿದ್ದುಹೋಗಿತ್ತು, ಎಡಗೈಯಲ್ಲಿ ಒಂದೇ ಸಾಲು ಬರ್ದು ಕಳ್ಸಿದ್ರು, ವಾಪಸ್ ಬಾ ಅಂತ.” ಸ್ವಲ್ಪ ಹೊತ್ತು ಒಳಕೋಣೆಯ ಬಾಗಿಲ ಕಡೆ ನೋಡಿದಳು. “ಆಮೇಲೆ ಅಭ್ಯಾಸ ಆಯ್ತು. ನಾನು ಅಷ್ಟೇ ಅಂತ ಒಪ್ಪಿಕೊಂಡ್ರೆ ಬದುಕುವುದು ಕಷ್ಟ ಇಲ್ಲ. ವೆಲಿಟಾ ಗಣಿತದಲ್ಲಿ ಹಿಂದೆ ಬಿದ್ದಾಗ ಅವಳಿಗೂ ಹೇಳಿದ್ದೇನೆ, ನಮ್ಮ ಮನೆಯವರಿಗೆ ತಲೆಯ ಕೆಲಸ ಆಗುವುದಿಲ್ಲ ಮಗಾ ಅಂತ. ಈಗ ನೀವು ಬಂದು ಅದು ಸುಳ್ಳು ಅಂತೀರಿ. ಇದನ್ನು ನಾನು ಎಲ್ಲಿ ಇಡುವುದು ಹೇಳಿ.”

ಅವಳ ಕಣ್ಣಲ್ಲಿ ನೀರಿರಲಿಲ್ಲ. ಅವಳು ಅಳುತ್ತಾಳೆ, ಬೈಯುತ್ತಾಳೆ, ಆ ಮೇಲೆ ಏನೋ ಒಂದು ತಿಳಿಯಾಗುತ್ತದೆ ಎಂದು ತಾನು ಎಣಿಸಿ ಬಂದದ್ದು ಶಾಮಸುಂದರನಿಗೆ ಅರಿವಾದದ್ದು ಆಗ. ಕ್ಲಿನಿಕ್ಕಿಗೆ ಬರುವವರಂತೆ ಬಂದಿದ್ದ. ತಪ್ಪಾಯಿತು ಎಂದ. ಅವಳು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಯಾವುದೋ ಲೆಕ್ಕ ಹಾಕುವವಳಂತೆ ಹುಬ್ಬು ಗಂಟಿಕ್ಕಿ, ಆ ಹುಡುಗ ಕಾಗದ ಬರೆದದ್ದು ಯಾವಾಗ ಎಂದು ಕೇಳಿದಳು. ಮಂಗಳವಾರ ಎಂದ. ನೀವು ಉತ್ತರ ಬರೆದಿರಾ ಎಂದಳು. ಬರೆದೆ ಎಂದ. ಯಾವಾಗ. ಇವತ್ತು ಬೆಳಿಗ್ಗೆ. ಇಲ್ಲಿಗೆ ಬರುವ ಮೊದಲು. ಹೌದು.

ದಿನಾಂಕಗಳನ್ನು ಹೀಗೆ ಒಂದರ ಪಕ್ಕ ಒಂದು ಇಟ್ಟು ನೋಡುವುದು ಅವಳಿಗೆ ಮೊದಲಿನಿಂದ ಬರುತ್ತಿತ್ತು.

“ಓದಿ,” ಎಂದಳು.

ಬೇಡ ಎನ್ನಬಹುದಿತ್ತು. ಫೋನ್ ಎತ್ತಿಕೊಂಡು, ಇಂಗ್ಲಿಷಿನಲ್ಲಿ ಬರೆದದ್ದನ್ನು ಪಿಸುದನಿಯಲ್ಲಿ, ಚಿರಂತನನನ್ನು ಹೊಗಳಿದ ಮಾತುಗಳನ್ನೂ ಬಿಡದೆ, ಕೊನೆಯಲ್ಲಿ ತನ್ನ ಹೆಸರಿನವರೆಗೆ ಓದಿದ. ಹೆಸರಿನ ಹಿಂದಿನ ಡಾಕ್ಟರ್ ಎಂಬುದನ್ನು ಮಾತ್ರ ನುಂಗಿಕೊಂಡ.

“ಅಲ್ಲಿ ಬಾಗಿಲು ಹಾಕಿ ಬಂದಿದ್ದೀರಿ,” ಎಂದಳು ಜೋಸ್ಫಿನ್. “ಮತ್ತೆ ಇಲ್ಲಿಗೆ ಯಾಕೆ ಬಂದದ್ದು? ನನ್ನಿಂದ ನಿಮಗೆ ಎಂತ ಬೇಕಿತ್ತು?”

ನಾಳೆಯೇ ಚಿರಂತನನಿಗೆ ಇನ್ನೊಂದು ಬರೆಯುತ್ತೇನೆ, ಎಲ್ಲ ಬರೆಯುತ್ತೇನೆ, ಇದನ್ನು ಮೊದಲು ಹೇಳಿದವರು ನೀವು ಎಂದು ಬರೆಯುತ್ತೇನೆ ಎಂದ. ಹೇಳುತ್ತಿರುವಾಗಲೇ ಆ ನಾಳೆಯ ಆಕಾರ ಅವನಿಗೆ ಕಾಣುತ್ತಿತ್ತು: ಭಾನುವಾರ ಕಾಲೇಜು, ಸೋಮವಾರ ಮೀಟಿಂಗು, ಬರೆದು ಅರ್ಧಕ್ಕೆ ಬಿಟ್ಟ ಇಮೇಲು, ಅಚ್ಚಿಗೆ ಹೋಯಿತು ಸರ್ ಎಂಬ ಚಿರಂತನನ ಖುಷಿಯ ಸುದ್ದಿ. ಅವಳಿಗೂ ಅದು ಕಂಡಿರಬೇಕು.

“ಬರೀರಿ, ಬರೀದೇ ಇರಿ. ನನ್ನ ಹೆಸರು ಮಾತ್ರ ಹಾಕ್ಬೇಡಿ. ಹೆಸರು ಹಾಕಿ ಎಂತ ಮಾಡ್ಲಿಕ್ಕೆ? ಈ ಪ್ರಾಯದಲ್ಲಿ ಅದು ಧರ್ಮಕ್ಕೆ ಕೊಟ್ಟ ಹಾಗೆ ಆಗ್ತದೆ.”

ಎದ್ದು ಬಟ್ಟಲುಗಳನ್ನು ತೆಗೆದುಕೊಂಡು ಒಳಗೆ ಹೋದಳು. ನಲ್ಲಿಯ ನೀರು ಬಹಳ ಹೊತ್ತು ಸುರಿಯಿತು, ಎರಡು ಬಟ್ಟಲಿಗೆ ಬೇಕಾದ್ದಕ್ಕಿಂತ ಬಹಳ ಹೆಚ್ಚು ಹೊತ್ತು. ಹೊರಟುಬಿಡಬೇಕು ಎಂದುಕೊಳ್ಳುತ್ತ ಅವನು ಕೂತೇ ಇದ್ದ. ಆ ಸದ್ದಿಗೋ ಏನೋ ಲಿಯೊನೆಲ್ ಎದ್ದು ಬಂದ. ದೊಡ್ಡ ಆಳು, ಬನಿಯನ್ನು, ಕೆನ್ನೆಯ ಮೇಲೆ ದಿಂಬಿನ ಗೆರೆ. ಶಾಮಸುಂದರ ಯಾರೆಂದು ತಿಳಿದ ಕೂಡಲೇ ಎರಡೂ ಕೈಯಲ್ಲಿ ಅವನ ಕೈ ಹಿಡಿದು ಕುಲುಕಿದ. ಎಬ್ಬಿಸಬಾರದಿತ್ತಾ ಎಂದು ಹೆಂಡತಿಗೆ ಕೊಂಕಣಿಯಲ್ಲಿ ಗದರಿದ. ಊಟಕ್ಕೆ ನಿಲ್ಲಬೇಕು, ಕಾಣೆ ಮೀನು ತಂದಿದೆ, ಓ ನೀವು ತಿನ್ನುವುದಿಲ್ಲ ಅಲ್ವಾ, ಹಾಗಾದರೆ ಸೇಮಿಗೆಯಾದರೂ ಎಂದು ಒತ್ತಾಯ ಮಾಡಿದ. ಶಾಮಸುಂದರ ಹೊರಡಲು ಎದ್ದಾಗ ಮೆಟ್ರೋ ಎಲ್ಲ ಬೇಡವೇ ಬೇಡ, ವೆಲಿಟಾಳನ್ನು ಕರೆತರಲು ತಾನು ಅಲ್ ನಹ್ದಾಗೇ ಹೋಗುವವನು ಎಂದು ಕಾರಿನ ಕೀಲಿ ಹುಡುಕಿದ. ಜೋಸ್ಫಿನ್ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ಕಾಲು ನೋಡ್ಕೊಳ್ಳಿ, ಸಕ್ಕರೆಯವರಿಗೆ ಕಾಲಿನ ಗಾಯ ಬೇಗ ವಾಸಿ ಆಗುವುದಿಲ್ಲ ಎಂದಳು. ಕ್ಲಿನಿಕ್ಕಿನಲ್ಲಿ ಎಲ್ಲರಿಗೂ ಹೇಳುವ ದನಿಯಲ್ಲಿ.

ಹಳೆಯ ಸನ್ನಿ ಕಾರು. ಬಿಸಿಲು ಇಳಿಯುತ್ತಿತ್ತು. ಸೇತುವೆ ದಾಟುವವರೆಗೆ ಲಿಯೊನೆಲ್ ಮುಸಫ್ಫಾದ ಸೆಖೆ, ಕಂಪನಿಯ ಬಸ್ಸು, ಮಗಳು ಕೊಂಕಣಿಯಲ್ಲಿ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವುದು ಎಲ್ಲ ಹೇಳಿದ. ಶಾಮಸುಂದರ ಹೂಂ ಎನ್ನುತ್ತಿದ್ದ. ಏರ್‌ಪೋರ್ಟ್ ರಸ್ತೆಯ ಸಿಗ್ನಲ್ಲಿನಲ್ಲಿ ಸಾಲು ನಿಂತಿತು.

“ಅವಳು ಕಾಲೇಜಿನ ವಿಷಯ ಮಾತಾಡುದೇ ಇಲ್ಲ ಮಾರಾಯ್ರೆ,” ಎಂದ ಲಿಯೊನೆಲ್. “ಮದುವೆ ಆಗಿ ಹತ್ತೊಂಬತ್ತು ವರ್ಷ ಆಯ್ತು. ಕೇಳಿದ್ರೆ ಖಲಾಸ್, ಅದೆಲ್ಲ ಮುಗಿದದ್ದು ಅಂತಾಳೆ. ನೀವಿಬ್ರು ಅಲ್ಲಿ ಎಂತ ಕಲಿತದ್ದು ಸರ್?”

“ಒಂದು ಹಳೇ ನಾಟಕ. ಅದನ್ನ ಮೊದಲು ಯಾವಾಗ ಆಡಿದ್ರು ಅಂತ ಕಂಡುಹಿಡಿಯೋದು.”

“ಗೊತ್ತಾಯ್ತಾ ಕಡೆಗೆ?”

“ಗೊತ್ತಾಯ್ತು.”

“ಯಾರು ಕಂಡುಹಿಡಿದದ್ದು?”

ಲಿಯೊನೆಲ್ ಸುಮ್ಮನೆ, ಮಾತಿಗೆ ಮಾತು ಸೇರಿಸಲು ಕೇಳಿದ್ದ. ಗಾಜಿನಾಚೆ ಕೆಂಪು ದೀಪ ಉರಿಯುತ್ತಿತ್ತು. ಹೇಳಬೇಕಾದದ್ದು ಎರಡೇ ಪದ, ನಿಮ್ಮ ಹೆಂಡತಿ. ಅದಕ್ಕೆ ಆಮೇಲೆ ಯಾವ ವಿವರಣೆಯೂ ಬೇಕಿರಲಿಲ್ಲ, ಯಾವ ಪತ್ರಿಕೆಯಲ್ಲೂ ಅದು ಅಚ್ಚಾಗುತ್ತಿರಲಿಲ್ಲ, ಅವನಿಗೆ ಆಗಬಹುದಾದ ನಷ್ಟ ಏನೇನೂ ಇರಲಿಲ್ಲ. ಅವನ ಬಾಯಿ ತೆರೆಯಿತು.

“ಇಬ್ಬರೂ ಸೇರಿ,” ಎಂದ ಶಾಮಸುಂದರ.

ಲಿಯೊನೆಲ್‌ನ ಮುಖ ಅರಳಿತು. ಸ್ಟಿಯರಿಂಗ್ ಮೇಲಿದ್ದ ಕೈ ತೆಗೆದು ಶಾಮಸುಂದರನ ತೊಡೆ ತಟ್ಟಿದ.

“ಹೋದ ಕೂಡ್ಲೇ ಅವಳಿಗೆ ಹೇಳ್ತೇನೆ, ಸರ್ ಹೀಗೆ ಹೇಳಿದ್ರು ಅಂತ. ಭಾರಿ ಖುಷಿ ಆಗ್ತದೆ ಅವಳಿಗೆ.”

ದೀಪ ಹಸಿರಾಗಿ ಹಿಂದಿನವರು ಹಾರ್ನ್ ಹೊಡೆದರು. ಕಾರು ಮುಂದೆ ಸರಿಯಿತು.